ಸಿಎಎ ಅಂದ್ರೇನು? ಅಲ್ಝೈಮರ್ಸ್‌ಗೂ ಮೆದುಳಿನ ರಕ್ತನಾಳಕ್ಕೂ ಇರೋ ಜೀನ್ ನಂಟು

ನಮ್ ಕೋಲಾರದ ಕಡೆ ವಯಸ್ಸಾದವ್ರಿಗೆ ಮರೆವು ಜಾಸ್ತಿ ಆದ್ರೆ ಅರವತ್ತಕ್ಕೆ ಅರಳು ಮರಳು ಅಂದು ಸುಮ್ನಾಗ್ಬಿಡ್ತಾರೆ, ಕೈಕಾಲು ಬಿದ್ದೋದ್ರೆ ಲಕ್ವ ಹೊಡೀತು ಅಂತಾರೆ, ಒಂದಕ್ಕೊಂದು ಸಂಬಂಧಾನೇ ಇಲ್ಲ ಅನ್ನೋ ಲೆಕ್ಕ. ಇವೆರಡಕ್ಕೂ ನೆಂಟಸ್ತನ ಇರೋ ಒಂದು ಕಾಯಿಲೆ ಇದೆ, ಸೆರೆಬ್ರಲ್ ಅಮೈಲಾಯ್ಡ್ ಆಂಜಿಯೋಪತಿ ಅಂತ, ಶಾರ್ಟಾಗಿ ಸಿಎಎ.

ವಯಸ್ಸಾದವ್ರಲ್ಲಿ ಮರೆವು ತರೋ ಅಲ್ಝೈಮರ್ಸ್ ಕಾಯಿಲೆಯಲ್ಲಿ ಅಮೈಲಾಯ್ಡ್ ಬೀಟಾ ಅನ್ನೋ ಪ್ರೋಟೀನ್ ಮೆದುಳಿನ ಕೋಶಗಳ ನಡುವೆ ಗಂಟು ಗಂಟಾಗಿ ಸೇರ್ಕೊಳ್ಳುತ್ತೆ ಅಲ್ವಾ, ಅದೇ ಪ್ರೋಟೀನ್ ರಕ್ತನಾಳದ ಗೋಡೆಯಲ್ಲಿ ಕೂತ್ರೆ ಸಿಎಎ. ನಮ್ ಬೋರ್‌ವೆಲ್ ನೀರಿಗೆ ಡ್ರಿಪ್ ಪೈಪಲ್ಲಿ ಉಪ್ಪು ಕಟ್ಟುತ್ತಲ್ಲ ಹಂಗೆ ಅನ್ಕೊಳ್ಳಿ, ಆದ್ರೆ ಇಲ್ಲಿ ಕಟ್ಟೋದು ಪೈಪ್ ಒಳಗಲ್ಲ, ಪೈಪಿನ ಮೈಯಲ್ಲೇ. ಗೋಡೇಲಿರೋ ಸ್ನಾಯು ಸತ್ತು ನಾಳ ಪೆಡಸಾಗುತ್ತೆ, ಒಂದಿನ ಸಣ್ಣದಾಗಿ ಸೋರುತ್ತೆ, ಇಲ್ಲಾ ಒಡೆದು ಮೆದುಳಲ್ಲಿ ರಕ್ತಸ್ರಾವನೇ ಆಗುತ್ತೆ. ಅಲ್ಝೈಮರ್ಸ್ ಇದ್ದು ತೀರ್ಕೊಂಡವ್ರ ಮೆದುಳು ಪರೀಕ್ಷೆ ಮಾಡಿದಾಗ ಬಹುಪಾಲು ಜನರಲ್ಲಿ ಇದು ಅಷ್ಟೋ ಇಷ್ಟೋ ಕಂಡೇ ಕಾಣುತ್ತೆ.

ಈಗ ಜೀನ್ ವಿಷ್ಯ, ನಂಗೆ ಇಂಟರೆಸ್ಟಿಂಗ್ ಅನ್ಸಿದ್ದೇ ಇದು. 19ನೇ ಕ್ರೋಮೋಸೋಮಲ್ಲಿ (ಜೀನ್‌ಗಳನ್ನ ಹೊತ್ತಿರೋ ಎಳೆ) ಎಪಿಒಇ ಅನ್ನೋ ಜೀನ್ ಇದೆ, ಕೊಬ್ಬು ಸಾಗಿಸೋ ಪ್ರೋಟೀನ್ ಮಾಡೋದು ಇದರ ಕೆಲ್ಸ. ಇದ್ರಲ್ಲಿ ಇ2, ಇ3, ಇ4 ಅಂತ ಮೂರು ಥರ, ಅಪ್ಪನಿಂದ ಒಂದು ಅಮ್ಮನಿಂದ ಒಂದು ಬರುತ್ತೆ, ಹೆಚ್ಚಿನವ್ರಲ್ಲಿ ಇರೋದು ಇ3. ಇ4 ಇದ್ರೆ ಅಲ್ಝೈಮರ್ಸ್ ರಿಸ್ಕ್ ಜಾಸ್ತಿ ಅಂತ 1993ರಲ್ಲಿ ಅಮೆರಿಕದ ಡ್ಯೂಕ್ ಯೂನಿವರ್ಸಿಟಿಯವ್ರು ತೋರಿಸಿದ್ರು. ಇ4 ಇದ್ದವ್ರಲ್ಲಿ ಅಮೈಲಾಯ್ಡ್ ಸರಿಯಾಗಿ ಕ್ಲೀನ್ ಆಗಲ್ಲ, ಕೋಶಗಳ ನಡುವೆನೂ ಉಳಿಯುತ್ತೆ ನಾಳದ ಗೋಡೆಯಲ್ಲೂ ಉಳಿಯುತ್ತೆ. ಇನ್ನು ಇ2 ಅಲ್ಝೈಮರ್ಸ್‌ನಿಂದ ಸ್ವಲ್ಪ ಕಾಪಾಡುತ್ತೆ, ಒಳ್ಳೇದೇ ಆಯ್ತು ಅನ್ಕೊಂಡ್ರೆ, ಸಿಎಎ ಇರೋರಲ್ಲಿ ನಾಳ ಒಡೆಯೋ ಚಾನ್ಸ್ ಜಾಸ್ತಿ ಮಾಡೋದೂ ಇದೇ ಇ2! ಒಳ್ಳೇ ಜೀನ್ ಕೆಟ್ಟ ಜೀನ್ ಅಂತ ಯಾರಾದ್ರೂ ಸಲೀಸಾಗಿ ಹೇಳಿದ್ರೆ ನಂಬಬೇಡಿ. ಇ4 ಇದ್ದ ಮಾತ್ರಕ್ಕೆ ಕಾಯಿಲೆ ಬಂದೇ ಬರುತ್ತೆ ಅಂತಾನೂ ಇಲ್ಲ.

ಅಪರೂಪಕ್ಕೆ ಒಂದೇ ಜೀನಿನ ತಪ್ಪಿಂದ ಮನೆತನದಲ್ಲೇ ಸಿಎಎ ಬರೋದುಂಟು. ಅಮೈಲಾಯ್ಡ್ ಬೀಟಾದ ಮೂಲ ಪ್ರೋಟೀನ್ ಮಾಡೋ, 21ನೇ ಕ್ರೋಮೋಸೋಮಿನ ಎಪಿಪಿ ಜೀನಲ್ಲಿ ಅಂಥ ಬದಲಾವಣೆ ನೆದರ್‌ಲ್ಯಾಂಡ್ಸ್‌ನ ಕೆಲವು ಕುಟುಂಬಗಳಲ್ಲಿದೆ.

ಇದೆಲ್ಲ ಫಾರಿನ್ ಕಥೆ ಅನ್ಕೋಬೇಡಿ. ಬೆಂಗಳೂರಿನ ಐಐಎಸ್‌ಸಿಯಲ್ಲಿರೋ ಸೆಂಟರ್ ಫಾರ್ ಬ್ರೈನ್ ರಿಸರ್ಚ್‌ನವ್ರು ನಮ್ ಶ್ರೀನಿವಾಸಪುರ ತಾಲೂಕಿನ ಹಳ್ಳಿಗಳಲ್ಲಿ ಸ್ಯಾನ್ಸ್‌ಕಾಗ್ ಅಂತ ಸ್ಟಡಿ ನಡೆಸ್ತಿದ್ದಾರೆ, 45 ದಾಟಿದವ್ರ ನೆನಪಿನ ಶಕ್ತಿ, ರಕ್ತ, ಜೀನ್, ಎಂಆರ್‌ಐ ಎಲ್ಲ ವರ್ಷಗಟ್ಟಲೆ ಫಾಲೋ ಮಾಡೋದು, 10,000 ಜನರ ಗುರಿ. ಮಾವಿನ ಹಣ್ಣಿಗೆ ಹೆಸರಾದ ಊರು ಈಗ ಮೆದುಳಿನ ಸೈನ್ಸಿಗೂ ಬೇಕಾಗಿದೆ ನೋಡಿ.

ಸಿಎಎಗೆ ಅಂತಾನೇ ವಾಸಿ ಮಾಡೋ ಔಷಧಿ ಇಲ್ಲ, ಬಿಪಿ ಕಂಟ್ರೋಲ್ ಮುಖ್ಯ. ಇನ್ನೊಂದು, ರಿಪೋರ್ಟಲ್ಲಿ ಸಿಎಎ ಅಂತ ಬಂದಿದ್ದು, ಹಾರ್ಟ್‌ಗೋಸ್ಕರ ರಕ್ತ ತೆಳುವಾಗೋ ಮಾತ್ರೆನೂ ನಡೀತಿದ್ರೆ ಈ ಎರಡೂ ವಿಷ್ಯಾನ ಡಾಕ್ಟರಿಗೆ ಒಟ್ಟಿಗೆ ಹೇಳಿ, ನೀವಾಗೇ ಮಾತ್ರೆ ನಿಲ್ಲಿಸೋಕೆ ಹೋಗ್ಬೇಡಿ.