ಓದುಗರ ಪ್ರಶ್ನೆ: ಅಮೆರಿಕದ ಪ್ರೆಗ್ನೆನ್ಸಿ ಸೆಂಟರ್‌ಗಳೆಲ್ಲ ಒಂದೇ ಸಂಸ್ಥೆಯ ಶಾಖೆಗಳಾ?

ಅಲ್ಲ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ತಿರುಗಿ ಬರುತ್ತದೆ. ಈ ಸಲ ಬಿಡಿಸಿಯೇ ಹೇಳುತ್ತೇನೆ. ಪ್ರೆಗ್ನೆನ್ಸಿ ಸೆಂಟರ್ ಅಂದರೆ ಗರ್ಭಿಣಿಯರಿಗೆ ಸಾಮಾನ್ಯವಾಗಿ ಉಚಿತವಾಗಿ ಸಲಹೆ, ನೆರವು ಕೊಡುವ, ಗರ್ಭಪಾತವನ್ನು ವಿರೋಧಿಸುವ ಕೇಂದ್ರ.

ಬೋರ್ಡಿನಲ್ಲಿ ‘ಕೇರ್ ನೆಟ್’ ಅಂತ ಕಂಡರೆ ಸಾಕು, ಬ್ಯಾಂಕಿನ ಬ್ರಾಂಚ್ ಥರ ಅಂದುಕೊಳ್ಳುತ್ತಾರೆ. ಆದರೆ ಸಾಮಾನ್ಯವಾಗಿ ಒಂದೊಂದು ಸೆಂಟರಿಗೂ ಅದರದೇ ನೋಂದಣಿ, ಅದರದೇ ಆಡಳಿತ ಮಂಡಳಿ ಇರುತ್ತದೆ. ಖರ್ಚಿಗೆ ಆ ಊರಿನ ಚರ್ಚ್‌ಗಳು, ದಾನಿಗಳು ಕೊಡುತ್ತಾರೆ. ಟೆಕ್ಸಾಸ್‌ನಂಥ ಕೆಲವು ರಾಜ್ಯಗಳಲ್ಲಿ ಸರ್ಕಾರದ ದುಡ್ಡೂ ಬರುತ್ತದೆ.

ಹಾಗಾದರೆ ಕೇರ್ ನೆಟ್‌ನಂಥ ಜಾಲಗಳ ಕೆಲಸವೇನು? 1971ರ ಹಾರ್ಟ್‌ಬೀಟ್ ಇಂಟರ್‌ನ್ಯಾಷನಲ್, 1975ರಲ್ಲಿ ಬೇರೆ ಹೆಸರಲ್ಲಿ ಶುರುವಾದ ಕೇರ್ ನೆಟ್, 1993ರ ನಿಫ್ಲಾ, ಈ ಮೂರೂ ದೊಡ್ಡವು. ಇವು ಸೆಂಟರ್‌ಗಳನ್ನು ಸದಸ್ಯರಾಗಿ ಸೇರಿಸಿಕೊಳ್ಳುತ್ತವೆ. ಸಿಬ್ಬಂದಿಗೆ ತರಬೇತಿ ಕೊಡುತ್ತವೆ, ಕೈಪಿಡಿ ಕೊಡುತ್ತವೆ. ನಿಫ್ಲಾದ ಮುಖ್ಯ ಕೆಲಸ ಕಾನೂನು ಸಲಹೆ, ಸ್ಕ್ಯಾನಿಂಗ್ ಶುರುಮಾಡಲು ನೆರವು. ಮೂರರ ನಿಲುವೂ ಗರ್ಭಪಾತಕ್ಕೆ ವಿರುದ್ಧ. ಹಾಗಾಗಿ ಈ ಸೆಂಟರ್‌ಗಳು ಗರ್ಭಪಾತ ಮಾಡುವುದಿಲ್ಲ, ಮಾಡುವ ಕಡೆಗೆ ಕಳಿಸುವುದೂ ಇಲ್ಲ. ಒಳಗೆ ಹೋಗುವ ಮುಂಚೆ ಇದು ಗೊತ್ತಿರಲೇಬೇಕು.

ಸೆಂಟರ್‌ಗಳು ಜಾಲಗಳಿಂದ ಬೇರೆಯೇ ಸಂಸ್ಥೆಗಳು ಅನ್ನುವುದಕ್ಕೆ ಸಾಕ್ಷಿ ಬೇಕಾ? ಈ ಸೆಂಟರ್‌ಗಳು ಕೆಲವು ಸೂಚನೆಗಳನ್ನು ಹಾಕಲೇಬೇಕು ಅಂತ 2015ರಲ್ಲಿ ಕ್ಯಾಲಿಫೋರ್ನಿಯಾ ಕಾನೂನು ಮಾಡಿತು. ಕೋರ್ಟಿಗೆ ಹೋದದ್ದು ನಿಫ್ಲಾ ಒಂದೇ ಅಲ್ಲ, ಎರಡು ಸೆಂಟರ್‌ಗಳೂ ತಮ್ಮದೇ ಹೆಸರಲ್ಲಿ ಜೊತೆಗಿದ್ದವು. 2018ರಲ್ಲಿ ಸುಪ್ರೀಂ ಕೋರ್ಟ್ 5–4ರಿಂದ ಅವರ ಪರ ತೀರ್ಪು ಕೊಟ್ಟಿತು.

ಇನ್ನೊಂದು ವಿಷಯ. ಒಂದೇ ಸೆಂಟರ್ ಎರಡು ಮೂರು ಜಾಲಗಳಲ್ಲಿ ಸದಸ್ಯ ಆಗಿರಬಹುದು. ಮೂರರ ಪಟ್ಟಿಯನ್ನೂ ಕೂಡಿಸಿ ‘ಇಷ್ಟು ಸಾವಿರ ಶಾಖೆ’ ಅನ್ನುವವರ ಲೆಕ್ಕ ಅಲ್ಲೇ ತಪ್ಪುತ್ತದೆ. ದೇಶದಲ್ಲಿರುವ ಒಟ್ಟು ಸೆಂಟರ್‌ಗಳು ಸುಮಾರು 2,500.

ಯಾರೂ ಕೇಳದಿದ್ದರೂ ನೀವು ಅಲ್ಲಿ ಕೊಡುವ ವಿವರ ಗುಟ್ಟಾಗಿ ಉಳಿಯುತ್ತದಾ ಅನ್ನುವ ಬಗ್ಗೆ ಹೇಳಿಬಿಡುತ್ತೇನೆ. ‘ಸ್ಕ್ಯಾನ್ ಮಾಡ್ತಾರಲ್ಲ, ಆಸ್ಪತ್ರೆ ಥರ ನಮ್ಮ ವಿವರ ಭದ್ರ’ ಅಂತ ಸುಮ್ನೆ ನಂಬಬೇಡಿ. ಆರೋಗ್ಯದ ವಿವರ ಕಾಪಾಡುವ ಹಿಪಾ ಕಾನೂನು ಮುಖ್ಯವಾಗಿ ಇನ್ಶೂರೆನ್ಸ್‌ಗೆ ಎಲೆಕ್ಟ್ರಾನಿಕ್ ಬಿಲ್ ಕಳಿಸುವವರಿಗೆ ಅನ್ವಯಿಸುತ್ತದೆ. ಎಲ್ಲವನ್ನೂ ಉಚಿತವಾಗಿ ಕೊಡುವ ಸೆಂಟರ್ ಎಷ್ಟೋ ಸಲ ಅದರ ಹೊರಗೇ ಉಳಿಯುತ್ತದೆ. ಫಾರಂ ತುಂಬುವ ಮುಂಚೆ ಮೂರು ಮಾತು ಕೇಳಿ: ಇಲ್ಲಿ ಲೈಸೆನ್ಸ್ ಇರುವ ಡಾಕ್ಟರ್ ಅಥವಾ ನರ್ಸ್ ಇದ್ದಾರಾ? ಸ್ಕ್ಯಾನ್ ನೋಡಿ ವರದಿ ಕೊಡುವವರು ಯಾರು? ನನ್ನ ವಿವರ ಯಾರ ಕೈಗೆ ಹೋಗುತ್ತದೆ?