ಆಟಿಸಂ ಇರುವ ಮಗುವಿಗೆ ಈ ಶಾಲೆ ಆಗಿಬರುತ್ತದೆಯೇ ಎಂದು ತಿಳಿಯುವುದು ಹೇಗೆ?

ಓದುಗರ ಪ್ರಶ್ನೆ: ನಮ್ಮ ಮಗನಿಗೆ ಆರು ವರ್ಷ. ಆಟಿಸಂ ಇದೆ. ಅಷ್ಟಿಷ್ಟು ಮಾತಾಡುತ್ತಾನೆ, ಅಕ್ಷರ, ಅಂಕಿ ಚೆನ್ನಾಗಿ ಗುರುತಿಸುತ್ತಾನೆ, ಗದ್ದಲ ಮಾತ್ರ ತಡೆಯುವುದಿಲ್ಲ. ಒಂದನೇ ತರಗತಿಗೆ ಶಾಲೆ ಹುಡುಕುತ್ತಿದ್ದೇವೆ. ನೋಡಿದ ಶಾಲೆಗಳ ಪುಸ್ತಿಕೆಯಲ್ಲೆಲ್ಲ ‘ಪ್ರತಿ ಮಗುವೂ ವಿಶಿಷ್ಟ’ ಎಂದಿದೆ. ಸಂಗೀತ, ಯೋಗ, ಚಿತ್ರಕಲೆ, ಈಜು ಕಲಿಸುತ್ತಾರಂತೆ. ವಿಶೇಷ ಅಗತ್ಯದ ಮಕ್ಕಳಿಗೆ ಬೆಂಬಲವೂ ಇದೆಯಂತೆ. ಇದರಲ್ಲಿ ಯಾವುದನ್ನು ನಂಬಬೇಕು?

ಉತ್ತರ: ಪುಸ್ತಿಕೆಯನ್ನು ಬದಿಗಿಟ್ಟು ಒಂದನೇ ತರಗತಿಯ ವಾರದ ವೇಳಾಪಟ್ಟಿ ಕೇಳಿ. ಅದು ಕೈಗೆ ಬಂದ ಮೇಲೆ ಒಂದೇ ಪ್ರಶ್ನೆ ಹಾಕಿ: ಪಿಟಿ, ಸಂಗೀತ, ಡ್ರಾಯಿಂಗ್ ಪಿರಿಯಡ್ ನಡೆಯುವಾಗ ನಮ್ಮ ಮಗ ಎಲ್ಲಿರುತ್ತಾನೆ?

ಬಹಳ ಶಾಲೆಗಳಲ್ಲಿ ಬರುವ ಉತ್ತರ, ‘ಆ ಹೊತ್ತಿಗೆ ರಿಸೋರ್ಸ್ ರೂಮಿಗೆ ಕರ್ಕೊಂಡು ಹೋಗ್ತೀವಿ, ಥೆರಪಿ ಮಾಡಿಸ್ತೀವಿ’ ಎಂದೇ. ರಿಸೋರ್ಸ್ ರೂಮ್ ಎಂದರೆ ವಿಶೇಷ ಅಗತ್ಯದ ಮಕ್ಕಳಿಗೆ ಬೇರೆಯಾಗಿ ಕಲಿಸುವ ಕೋಣೆ. ಕೇಳಲು ಇದು ಸರಿಯೆನಿಸುತ್ತದೆ. ಗಣಿತ, ಭಾಷೆ ತಪ್ಪಬಾರದು, ಆಟಪಾಟ ತಪ್ಪಿದರೆ ಏನಂತೆ ಎನ್ನುವುದು ಅದರ ಹಿಂದಿನ ಲೆಕ್ಕ. ನನ್ನ ಪ್ರಕಾರ ಈ ಲೆಕ್ಕವೇ ತಪ್ಪು. ಮಾತು ಕಡಿಮೆ ಇರುವ ಮಗುವಿಗೆ ಉಳಿದ ಮಕ್ಕಳ ಜೊತೆ ಸರಿಸಮನಾಗಿ ಸೇರಲು ಸಿಗುವ ಜಾಗವೇ ಆ ಪಿರಿಯಡ್‌ಗಳು. ಬಣ್ಣ ಹಚ್ಚಲು ಮಾತು ಬೇಕಿಲ್ಲ. ಸಾಲಿನಲ್ಲಿ ನಿಂತು ಚೆಂಡು ದಾಟಿಸುವುದು, ತಾಳ ಹಾಕುವುದು, ಗೆಳೆಯನ ಕೈಯಿಂದ ಬ್ರಷ್ ಇಸಿದುಕೊಳ್ಳುವುದು ಇವೆಲ್ಲ ಥೆರಪಿ ಕೋಣೆಯಲ್ಲಿ ಕೃತಕವಾಗಿ ಕಲಿಸಬೇಕಾದ ಸಂಗತಿಗಳು. ತರಗತಿಯಲ್ಲಿ ತಾವಾಗಿಯೇ ಒದಗಿ ಬರುತ್ತವೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ಇದನ್ನು ಚೆನ್ನಾಗಿ ಗ್ರಹಿಸಿದೆ. ಅದರ 16ನೇ ಸೆಕ್ಷನ್ ಪ್ರಕಾರ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ತಾರತಮ್ಯವಿಲ್ಲದೆ ಸೇರಿಸಿಕೊಂಡರಷ್ಟೇ ಸಾಲದು, ಆಟ ಮತ್ತು ಮನರಂಜನೆಯ ಅವಕಾಶವನ್ನೂ ಇತರರಿಗೆ ಸಮನಾಗಿ ಕೊಡಬೇಕು. ಹಾಗಾಗಿ ಪಿಟಿ ಪಿರಿಯಡ್‌ನಲ್ಲಿ ಮಗ ಎಲ್ಲಿರುತ್ತಾನೆ ಎಂದು ಕೇಳುವಾಗ ಸಂಕೋಚ ಬೇಡ.

ಹಾಗೆಂದು ಸುಮ್ಮನೆ ತಂದು ಕೂರಿಸಿದರೆ ಆಗಲಿಲ್ಲ. ಸಂಗೀತದ ಕೋಣೆಯಲ್ಲಿ ಮೂವತ್ತು ಮಕ್ಕಳು ಒಟ್ಟಿಗೆ ಹಾಡುವಾಗ ಗದ್ದಲ ತಡೆಯದ ಮಗು ಕಿವಿ ಮುಚ್ಚಿಕೊಂಡು ಮೂಲೆ ಸೇರಿದರೆ ಅದು ಹಟವಲ್ಲ. ನಮಗೆ ಗುಂಗಾಗಿ ಕೇಳುವ ಸದ್ದು ಅವನಿಗೆ ನೋವಾಗುವಷ್ಟು ಜೋರಾಗಿ ಕೇಳುತ್ತಿರಬಹುದು. ಅಂಥ ಕಡೆ ಸಂಗೀತ ಶಿಕ್ಷಕಿ ಅವನನ್ನು ಬಾಗಿಲ ಹತ್ತಿರ ಕೂರಿಸುತ್ತಾರೆಯೇ, ಸದ್ದು ತಗ್ಗಿಸುವ ಹೆಡ್‌ಫೋನ್ ಹಾಕಿಕೊಳ್ಳಲು ಬಿಡುತ್ತಾರೆಯೇ, ಐದು ನಿಮಿಷ ಹೊರಗೆ ಹೋಗಿ ಬರಲು ಒಂದು ಕಾರ್ಡ್ ಕೊಟ್ಟಿರುತ್ತಾರೆಯೇ ಎಂಬುದನ್ನು ನೋಡಬೇಕು. ಇದರಲ್ಲಿ ದುಡ್ಡಿನ ಮಾತು ಕಡಿಮೆ, ಮನಸ್ಸಿನ ಮಾತು ಹೆಚ್ಚು. ಆಟಿಸಂ ಬಗ್ಗೆ ತರಬೇತಿ ಬರೀ ವಿಶೇಷ ಶಿಕ್ಷಕರಿಗೆ ಆಗಿದೆಯೋ, ಪಿಟಿ ಮೇಷ್ಟ್ರಿಗೆ, ಡ್ರಾಯಿಂಗ್ ಮಿಸ್‌ಗೆ, ಆಯಾಗೆ, ಬಸ್ಸಿನ ಸಹಾಯಕರಿಗೂ ಆಗಿದೆಯೋ ಎಂದು ಕೇಳಿ. ಮಗುವಿನ ದಿನ ಕೆಡುವುದು ಸಾಮಾನ್ಯವಾಗಿ ಬಸ್ಸಿನಲ್ಲಿ, ಊಟದ ಹೊತ್ತಿನಲ್ಲಿ, ಶೌಚಾಲಯದ ಬಾಗಿಲಲ್ಲಿ.

ಶಾಲೆ ನೋಡಲು ಹೋಗುವುದಾದರೆ ಓಪನ್ ಹೌಸ್ ದಿನ ಬೇಡ. ಅಂದು ಎಲ್ಲರೂ ನಗುತ್ತಿರುತ್ತಾರೆ. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಹೋಗಲು ಅನುಮತಿ ಕೇಳಿ. ಮೈಕು, ಬ್ಯಾಂಡಿನ ಡ್ರಮ್ಮು, ಬಿಸಿಲು, ಒತ್ತೊತ್ತಾದ ಸಾಲು, ಎಲ್ಲ ಒಟ್ಟಿಗೆ ಇರುವ ಹದಿನೈದು ನಿಮಿಷ ಅದು. ಅಲ್ಲಿ ಯಾರಾದರೂ ಒಂದು ಮಗು ಸಾಲು ಬಿಟ್ಟು ಓಡಿತೆಂದುಕೊಳ್ಳಿ. ಹತ್ತಿರದ ಶಿಕ್ಷಕರು ರಟ್ಟೆ ಹಿಡಿದು ಎಳೆದು ತರುತ್ತಾರೋ, ಜೊತೆಗೆ ನಡೆದು ನೆರಳಿಗೆ ಕರೆದುಕೊಂಡು ಹೋಗುತ್ತಾರೋ ನೋಡಿ. ಗೋಡೆಯ ಮೇಲೆ ಬರೆದ ಮೌಲ್ಯಗಳಿಗಿಂತ ಆ ಅರ್ಧ ನಿಮಿಷ ಹೆಚ್ಚು ಹೇಳುತ್ತದೆ.

ಇನ್ನೊಂದು ಪರೀಕ್ಷೆ ವಾರ್ಷಿಕೋತ್ಸವದ ರಿಹರ್ಸಲ್. ನಮ್ಮ ಕಡೆ ನವೆಂಬರ್, ಡಿಸೆಂಬರ್ ಬಂತೆಂದರೆ ವೇಳಾಪಟ್ಟಿ ಎಂಬುದೇ ಇರುವುದಿಲ್ಲ. ಮೂರನೇ ಪಿರಿಯಡ್ ಗಣಿತ ಎಂದು ಕೂತ ಮಗುವನ್ನು ಇದ್ದಕ್ಕಿದ್ದಂತೆ ಸ್ಟೇಜಿಗೆ ಓಡಿಸುತ್ತಾರೆ. ದಿನದ ಕ್ರಮವನ್ನೇ ನೆಚ್ಚಿಕೊಂಡ ಮಗುವಿಗೆ ಕಾಲ ಕೆಳಗಿನ ನೆಲ ಸರಿದಂತಾಗುತ್ತದೆ. ಜೂನ್‌ನಿಂದ ಕಷ್ಟಪಟ್ಟು ಕಲಿತದ್ದು ಎರಡು ವಾರದಲ್ಲಿ ಕೈಜಾರಿ ಹೋಯಿತೆಂದು ಹೇಳುವ ತಾಯಂದಿರು ಬಹಳ. ಆ ತಿಂಗಳು ಏನು ಮಾಡುತ್ತೀರಿ ಎಂದು ಕೇಳಿ. ಅನುಭವವಿರುವ ಶಾಲೆಗೆ ಉತ್ತರ ಗೊತ್ತಿರುತ್ತದೆ. ಬೆಳಗ್ಗೆಯೇ ಮಗುವಿನ ಡೆಸ್ಕಿನ ಮೇಲಿನ ಚಿತ್ರಪಟ್ಟಿಯಲ್ಲಿ ಗಣಿತದ ಚಿತ್ರ ತೆಗೆದು ಸ್ಟೇಜಿನ ಚಿತ್ರ ಅಂಟಿಸಿರುತ್ತಾರೆ, ‘ಮೊದಲು ಡ್ಯಾನ್ಸ್, ಆಮೇಲೆ ಊಟ’ ಎಂದು ತೋರಿಸಿರುತ್ತಾರೆ, ಖಾಲಿ ಸ್ಟೇಜನ್ನು ಮುಂಚೆಯೇ ಒಮ್ಮೆ ಹತ್ತಿಸಿ ಇಳಿಸಿರುತ್ತಾರೆ. ಹಬ್ಬದ ದಿನ ಅವನು ಕುಣಿಯದೆ ಪರದೆ ಎಳೆದರೂ ಆಯಿತು. ‘ಆ ದಿನ ಮನೆಯಲ್ಲೇ ಇರಲಿ ಬಿಡಿ’ ಎನ್ನುವ ಶಾಲೆ ಮಾತ್ರ ಬೇಡ.

ಈಗ ಬೆಂಬಲದ ವಿಷಯ. ‘ನಮ್ಮಲ್ಲಿ ಸ್ಪೆಷಲ್ ಎಜುಕೇಟರ್ ಇದ್ದಾರೆ’ ಎಂದರೆ ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ (ಆರ್‌ಸಿಐ) ನೋಂದಣಿ ಇದೆಯೇ ಎಂದು ಕೇಳಿ. ಆರ್‌ಸಿಐ ನಂಬರ್ ಕೇಳಿದರೆ ಅವಮಾನವಲ್ಲ, ಅರ್ಹರು ಹೆಮ್ಮೆಯಿಂದಲೇ ತೋರಿಸುತ್ತಾರೆ. ಎರಡನೆಯದಾಗಿ, ಒಬ್ಬರು ಎಷ್ಟು ಮಕ್ಕಳನ್ನು ನೋಡುತ್ತಾರೆ ಎಂದು ಕೇಳಿ. ಸುಪ್ರೀಂ ಕೋರ್ಟ್ 2021ರಲ್ಲಿ ಕೊಟ್ಟ ತೀರ್ಪಿನ ಪ್ರಕಾರ ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯದ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು. 2025ರ ಮಾರ್ಚಿನಲ್ಲಿ ಅದೇ ಕೋರ್ಟ್ ರಾಜ್ಯಗಳಿಗೆ ಹುದ್ದೆಗಳನ್ನು ಮಂಜೂರು ಮಾಡಿ ಭರ್ತಿ ಮಾಡುವಂತೆ ಮತ್ತೆ ಹೇಳಬೇಕಾಯಿತು. ಪರಿಸ್ಥಿತಿ ಹೇಗಿದೆ ಎಂದು ಅದರಿಂದಲೇ ಊಹಿಸಬಹುದು.

ಮೂರನೆಯದು ವೈಯಕ್ತಿಕ ಶಿಕ್ಷಣ ಯೋಜನೆ, ಎಲ್ಲರೂ ಐಇಪಿ ಎನ್ನುವುದು. ಒಳ್ಳೆಯ ಐಇಪಿ ಯಾವುದು, ಕಾಟಾಚಾರದ್ದು ಯಾವುದು ಎಂದು ಒಂದು ವಾಕ್ಯ ಓದಿದರೆ ತಿಳಿಯುತ್ತದೆ. ‘ಮಗುವಿನ ಸಂವಹನ ಕೌಶಲ ಸುಧಾರಿಸುವುದು’ ಎಂದು ಬರೆದಿದ್ದರೆ ಯಾರೂ ಏನೂ ಮಾಡುವುದಿಲ್ಲ. ‘ದಸರಾ ರಜೆಯೊಳಗೆ, ನೀರು ಬೇಕಾದಾಗ ಬಾಟಲಿಯ ಚಿತ್ರ ತೋರಿಸಿ ಅಥವಾ ನೀರು ಎಂದು ಹೇಳಿ ತರಗತಿ ಶಿಕ್ಷಕಿಯನ್ನು ಕೇಳುವುದು’ ಎಂದಿದ್ದರೆ ಅದು ಯೋಜನೆ. ಆಗಲಿಲ್ಲವೆಂದರೂ ಆಗಲಿಲ್ಲ ಎಂದು ಗೊತ್ತಾಗುತ್ತದೆ, ದಾರಿ ಬದಲಿಸಬಹುದು. ಸಂಗೀತ, ಪಿಟಿ, ಡ್ರಾಯಿಂಗ್‌ಗೂ ಒಂದೊಂದು ಗುರಿ ಬರೆಸಿ. ಬರೆದದ್ದಕ್ಕೆ ನಿಮ್ಮ ಸಹಿ ಇರಲಿ, ಪ್ರತಿ ನಿಮ್ಮ ಹತ್ತಿರ ಇರಲಿ.

ಶ್ಯಾಡೋ ಟೀಚರ್, ಅಂದರೆ ತರಗತಿಯಲ್ಲಿ ಒಂದೇ ಮಗುವಿನ ಪಕ್ಕದಲ್ಲಿದ್ದು ನೆರವಾಗುವವರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ. ಕೆಲವು ಮಕ್ಕಳಿಗೆ ಮೊದಲ ತಿಂಗಳುಗಳಲ್ಲಿ ಪಕ್ಕದಲ್ಲಿ ಒಬ್ಬರು ಬೇಕೇ ಬೇಕು. ಆದರೆ ಶುಲ್ಕದ ಮೇಲೆ ಶ್ಯಾಡೋ ಟೀಚರ್ ಸಂಬಳವನ್ನೂ ನೀವೇ ಕೊಡಿ, ಇಲ್ಲದಿದ್ದರೆ ಸೀಟಿಲ್ಲ ಎಂಬ ಷರತ್ತು ತಪ್ಪು. ಮಗುವಿಗೆ ಬೇಕಾದ ಹೊಂದಾಣಿಕೆ, ಬೆಂಬಲ ಒದಗಿಸುವ ಹೊಣೆಯನ್ನು 2016ರ ಕಾನೂನು ಶಾಲೆಯ ಮೇಲೆಯೇ ಇಟ್ಟಿದೆ. ಶ್ಯಾಡೋ ಬಂದ ದಿನದಿಂದ ತರಗತಿ ಶಿಕ್ಷಕಿ ಮಗುವಿನ ಮುಖ ನೋಡುವುದನ್ನೇ ಬಿಟ್ಟರೆ ಅದು ಇನ್ನೂ ದೊಡ್ಡ ನಷ್ಟ. ಇರಿಸಿಕೊಂಡರೆ, ಅವರು ಯಾವಾಗ, ಹೇಗೆ ಹಿಂದೆ ಸರಿಯುತ್ತಾರೆ ಎಂಬುದೂ ಐಇಪಿಯಲ್ಲಿರಲಿ.

ನೀವು ಕೇಳಿಲ್ಲ, ಆದರೂ ಒಂದು ಮಾತು. ‘ಮನೆಯಲ್ಲಿ ಕನ್ನಡ ನಿಲ್ಲಿಸಿ, ಇಂಗ್ಲಿಷಲ್ಲೇ ಮಾತಾಡಿ, ಇಲ್ಲದಿದ್ದರೆ ಮಗು ಗೊಂದಲಕ್ಕೆ ಬೀಳುತ್ತೆ’ ಎಂದು ಯಾರಾದರೂ ಹೇಳಬಹುದು. ಒಪ್ಪಬೇಡಿ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಇರುವ ಮಕ್ಕಳ ಮಾತು ಹೆಚ್ಚು ತಡವಾಗುವುದಿಲ್ಲ ಎಂದೇ ಬೇರೆ ಬೇರೆ ದೇಶಗಳ ಅಧ್ಯಯನಗಳು ಹೇಳುತ್ತವೆ. ಅಜ್ಜಿ ಮುದ್ದು ಮಾಡುವ, ಅಪ್ಪ ಬೈಯುವ, ಓಣಿಯ ಮಕ್ಕಳು ಕರೆಯುವ ಭಾಷೆಯನ್ನೇ ಕಿತ್ತುಕೊಂಡರೆ ಅವನು ಯಾರ ಜೊತೆ ಮಾತಾಡಬೇಕು? ಶಾಲೆಯ ಹೊರೆ ತಗ್ಗಿಸಲು ಬೇರೆ ದಾರಿಯಿದೆ: ಎರಡನೇ, ಮೂರನೇ ಭಾಷೆಯಿಂದ ವಿನಾಯಿತಿ, ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆಯಲು ಸಹಾಯಕರು ಇವಕ್ಕೆಲ್ಲ ಅದೇ ಕಾನೂನಿನ 17ನೇ ಸೆಕ್ಷನ್ ಅವಕಾಶ ಕೊಡುತ್ತದೆ.

ಸರ್ಕಾರಿ ಶಾಲೆಯನ್ನು ಪಟ್ಟಿಯಿಂದ ಮೊದಲೇ ತೆಗೆದುಹಾಕಬೇಡಿ. ಸಮಗ್ರ ಶಿಕ್ಷಣ ಎಂಬ ಸರ್ಕಾರಿ ಯೋಜನೆಯಡಿ ಪ್ರತಿ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಸೇರಿದ, ವಿಶೇಷ ಅಗತ್ಯದ ಮಕ್ಕಳಿಗೆಂದೇ ಇರುವ ಸಂಪನ್ಮೂಲ ಶಿಕ್ಷಕರು, ಅಂದರೆ ಬಿಐಇಆರ್‌ಟಿಗಳು, ಶಾಲೆಗಳಿಗೆ ಬಂದು ಹೋಗುತ್ತಾರೆ. ಶಾಲೆಗೆ ಬರಲಾಗದಷ್ಟು ತೀವ್ರ ಸಮಸ್ಯೆ ಇರುವ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣವೂ ಇದೆ. ಒಬ್ಬರ ಮೇಲೆ ಹಲವು ಶಾಲೆಗಳ ಹೊರೆ ಇರುತ್ತದೆ, ಅದು ನಿಜ. ಆದರೆ ಹದಿನೈದಿಪ್ಪತ್ತು ಮಕ್ಕಳ ತರಗತಿ, ಮರದ ನೆರಳು, ಮನೆ ಬಲ್ಲ ಮುಖ್ಯಶಿಕ್ಷಕಿ ಇರುವ ಊರಿನ ಶಾಲೆ ಗದ್ದಲ ತಡೆಯದ ಮಗುವಿಗೆ ನಲವತ್ತು ಮಕ್ಕಳ ಏಸಿ ಕೋಣೆಗಿಂತ ಹಿತವಾಗಬಹುದು. ಬಿಸಿಯೂಟದ ಬಗ್ಗೆ ಮೊದಲೇ ಮಾತಾಡಿ. ಸಾಂಬಾರು ಬೆರೆತ ಅನ್ನದ ಮೆತ್ತನೆ ಮುಟ್ಟಲಾಗದ ಮಕ್ಕಳಿದ್ದಾರೆ. ಬರಿ ಅನ್ನ ಬೇರೆ ತಟ್ಟೆಯಲ್ಲಿ ಕೊಡಿ ಎಂದರೆ ಬಡಿಸುವವರಿಗೆ ಕಷ್ಟವೇನಿಲ್ಲ, ಕಾರಣ ಗೊತ್ತಿರಬೇಕು ಅಷ್ಟೆ.

ಕಾಗದಪತ್ರ ಈಗಲೇ ಶುರು ಮಾಡಿ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಮೌಲ್ಯಮಾಪನಕ್ಕೆ ಜನ ಹೆಚ್ಚು, ಸಮಯ ಹಿಡಿಯುತ್ತದೆ. ಅಂಗವೈಕಲ್ಯ ಪ್ರಮಾಣಪತ್ರದಲ್ಲಿ ಅಂಗವೈಕಲ್ಯ ಶೇ. 40 ಅಥವಾ ಹೆಚ್ಚು ಎಂದಿದ್ದರೆ 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ, ತಾನು ಆರಿಸಿಕೊಂಡ ಕಡೆ, ಉಚಿತ ಶಿಕ್ಷಣ ಪಡೆಯುವ ಹಕ್ಕು ಮಗುವಿಗಿದೆ. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡನ್ನೂ ಮಾಡಿಸಿ. ಕೇಂದ್ರ ಸರ್ಕಾರದ ಸಂಸ್ಥೆಯಾದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಥೆರಪಿ ಖರ್ಚೂ ಸ್ವಲ್ಪ ಮಟ್ಟಿಗೆ ಅದರಲ್ಲಿ ಸೇರುತ್ತದೆ.

‘ನಿಮ್ಮ ಮಗುವಿಗೆ ನಮ್ಮ ಶಾಲೆ ಸೂಕ್ತವಲ್ಲ’ ಎಂದು ಬಾಯಿಮಾತಿನಲ್ಲಿ ಹೇಳಿದರೆ, ಅದನ್ನೇ ಬರವಣಿಗೆಯಲ್ಲಿ ಕೊಡಿ ಎಂದು ಮರ್ಯಾದೆಯಿಂದ ಕೇಳಿ. ಹಲವರು ಅಲ್ಲಿಗೇ ದನಿ ಬದಲಿಸುತ್ತಾರೆ. ಅಲ್ಪಸಂಖ್ಯಾತ ಸಂಸ್ಥೆಗಳನ್ನು ಬಿಟ್ಟರೆ ಉಳಿದ ಶಾಲೆಗಳು ಸೇರಿಸಿಕೊಳ್ಳುವಾಗ ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷೆಗೆ ಒಡ್ಡುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಮೊದಲ ಸಲಕ್ಕೆ 25,000 ರೂಪಾಯಿ, ಮತ್ತೆ ಮಾಡಿದರೆ ಪ್ರತಿ ಸಲ 50,000 ರೂಪಾಯಿವರೆಗೆ ದಂಡವಿದೆ. ವರ್ಷದ ನಡುವೆ ‘ಟಿಸಿ ತಗೊಂಡು ಹೋಗಿ’ ಎಂದು ಒತ್ತಾಯಿಸಿದರೂ ಅಷ್ಟೆ, ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಹೊರಹಾಕುವಂತಿಲ್ಲ. ದೂರನ್ನು ಮೊದಲು ಕ್ಷೇತ್ರ ಶಿಕ್ಷಣಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಅಲ್ಲಿ ಕದಲದಿದ್ದರೆ ಅಂಗವಿಕಲರ ಹಕ್ಕುಗಳನ್ನು ನೋಡಿಕೊಳ್ಳುವ ರಾಜ್ಯ ಆಯುಕ್ತರಿಗೆ ಅದೇ ದೂರನ್ನು, ಶಾಲೆಯ ಜೊತೆ ನಡೆದ ಪತ್ರ, ಮೆಸೇಜುಗಳ ಪ್ರತಿ ಸಮೇತ ಕಳಿಸಿ. ಅಷ್ಟರಲ್ಲಿ ಪಟ್ಟಿಯಲ್ಲಿರುವ ಮುಂದಿನ ಶಾಲೆಯ ಪ್ರಾರ್ಥನೆಯ ಹೊತ್ತಿಗೂ ಹೋಗಿ ಬನ್ನಿ. ಜೂನ್ ಹತ್ತಿರವಾಗುತ್ತಿರುತ್ತದೆ, ದೂರು ಇತ್ಯರ್ಥವಾಗುವವರೆಗೆ ಮಗ ಮನೆಯಲ್ಲಿ ಕೂರಬಾರದು.