ತೊಗರಿ ಎಲೆಯಲ್ಲಿ ಕೆರಾಟಿನ್

"ಸರ್, ನಮ್ಮ ಕಾಲೇಜಿನಾಗ ಮಾಸ್ ಸ್ಪೆಕ್ ಮಶೀನೇ ಇಲ್ಲ. ಪ್ರೋಟಿಯೋಮಿಕ್ಸ್‌ನಾಗ ಪಿಎಚ್‌ಡಿ ಹ್ಯಾಂಗ ಮಾಡೂದ್ರಿ?" ಕಲಬುರಗಿಯಲ್ಲಿ ಎಂ.ಎಸ್ಸಿ ಬಯೋಟೆಕ್ ಓದುವ ಮಕ್ಕಳು ಇದನ್ನೇ ಕೇಳುತ್ತಾರೆ. ಪ್ರೋಟಿಯೋಮಿಕ್ಸ್ ಅಂದರೆ ಜೀವಿಯೊಂದರ ಪ್ರೋಟೀನುಗಳನ್ನೆಲ್ಲ ಒಟ್ಟಿಗೆ ಗುರುತಿಸುವ ವಿದ್ಯೆ; ಮಾಸ್ ಸ್ಪೆಕ್ ಅಂದರೆ ಪ್ರೋಟೀನಿನ ತುಂಡುಗಳನ್ನು ತೂಗುವ ಮಶೀನು. ಮಶೀನು ಆಮೇಲಿನ ಮಾತು ಎಂದರೆ ನಂಬುವುದಿಲ್ಲ.

ನಾನು ಮೊದಲ ವರ್ಷ ನೆಟೆ ರೋಗ ಹತ್ತಿದ ತೊಗರಿಯ ಎಲೆ ಅರೆದು, ಪ್ರೋಟೀನ್ ತೆಗೆದು, ಟ್ರಿಪ್ಸಿನ್ ಹಾಕಿ 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟಿದ್ದೆ. ಟ್ರಿಪ್ಸಿನ್ ಅಂದರೆ ಕತ್ತರಿ. ಪ್ರೋಟೀನು ಅಮೈನೊ ಆಮ್ಲಗಳೆಂಬ ಮಣಿಗಳ ಸರ; ಅದರಲ್ಲಿ ಲೈಸಿನ್, ಆರ್ಜಿನಿನ್ ಎಂಬ ಮಣಿ ಬಂದಲ್ಲಿ ಕತ್ತರಿಸುತ್ತದೆ. ಸ್ಯಾಂಪಲ್ ಬೇರೆ ಊರಿನ ಲ್ಯಾಬಿಗೆ ಹೋಗಿ, ತಿಂಗಳ ಮೇಲೆ ಸಿಕ್ಕ ಪ್ರೋಟೀನುಗಳ ಪಟ್ಟಿ ಬಂತು. ಮೇಲಿನ ಸಾಲುಗಳಲ್ಲೇ ಕೆರಾಟಿನ್! ಅದು ನಮ್ಮ ಕೂದಲು, ಚರ್ಮದ ಪ್ರೋಟೀನ್; ಗಿಡದಲ್ಲಿ ಇರುವುದೇ ಇಲ್ಲ. ಮೇ ತಿಂಗಳ ಬಿಸಿಲಿಗೆ, ಗ್ಲೌಸ್ ಹಾಕಿದ ಕೈಯಲ್ಲೇ ಹಣೆಯ ಬೆವರು ಒರೆಸಿಕೊಂಡಿದ್ದೆ. ಗೈಡ್ ಹೇಳಿ ಮನುಷ್ಯರ ಪ್ರೋಟೀನುಗಳನ್ನೂ ಹುಡುಕಾಟಕ್ಕೆ ಸೇರಿಸಿದ್ದಕ್ಕೆ ಸಿಕ್ಕಿಬಿದ್ದೆ. ಬರೀ ತೊಗರಿಯ ಪ್ರೋಟೀನುಗಳ ಡೇಟಾಬೇಸ್ ಕೊಟ್ಟಿದ್ದರೆ ಕೆರಾಟಿನ್ ಹೆಸರೇ ಬರುತ್ತಿರಲಿಲ್ಲ.

ಮಶೀನು ಮಾಡುವುದು ತೂಕ, ಆ ತೂಕವನ್ನು ಡೇಟಾಬೇಸಿಗೆ ಹೊಂದಿಸಿ ಹೆಸರಿಡುವುದು ಸಾಫ್ಟ್‌ವೇರ್. ಲ್ಯೂಸಿನ್, ಐಸೊಲ್ಯೂಸಿನ್ ಎಂಬ ಎರಡು ಮಣಿಗಳ ತೂಕವೂ ಒಂದೇ, ಸಾಮಾನ್ಯ ತಕ್ಕಡಿಗೆ ಅವು ಬೇರೆಯಲ್ಲ. ಇನ್ನು ಹೊಂದಿಸಿ ನೋಡುವ ಡೇಟಾಬೇಸಾದರೂ ಎಷ್ಟು ಗಟ್ಟಿ? ಹೈದರಾಬಾದ್ ಬಳಿಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಮುಂದಾಳತ್ವದಲ್ಲಿ 2011ರಲ್ಲಿ ಹೊರಬಂದ ತೊಗರಿ ಜೀನೋಮಿನಲ್ಲಿ, ಅಂದರೆ ಅದರ ಡಿಎನ್ಎಯ ಪೂರ್ತಿ ಪಾಠದಲ್ಲಿ, 48,680 ಜೀನ್‌ಗಳಿವೆ ಎಂದರು. ಅದು ಕಂಪ್ಯೂಟರ್ ಊಹಿಸಿದ ಲೆಕ್ಕ. ಅದರ ಮೇಲೆ ಎಲೆಯಲ್ಲಿ ರುಬಿಸ್ಕೊ ಎಂಬ ಒಂದೇ ಪ್ರೋಟೀನಿನ ದಂಡು. ರೋಗದ ವಿರುದ್ಧ ನಿಲ್ಲುವ ನಾಲ್ಕು ಪ್ರೋಟೀನು ಹುಡುಕುವುದೆಂದರೆ ಶರಣಬಸವೇಶ್ವರ ಜಾತ್ರೆಯ ತೇರಿನ ಗದ್ದಲದಲ್ಲಿ ಕೈಬಿಟ್ಟ ಮಗುವನ್ನು ಹುಡುಕಿದ ಹಾಗೆ.

ಆದ್ದರಿಂದ ಸುಳ್ಳು ಹೆಸರು ಎಷ್ಟಿದ್ದಾವು ಎಂದು ಅಳೆಯಲು ಒಂದು ಉಪಾಯವಿದೆ. ಒಂದೊಂದು ಮಣಿಗೆ ಒಂದೊಂದು ಅಕ್ಷರದಂತೆ ಬರೆದ ಪ್ರೋಟೀನಿನ ಅಕ್ಷರಗಳನ್ನು ತಿರುವುಮುರುವು ಮಾಡಿ, ಲೋಕದಲ್ಲೇ ಇಲ್ಲದ ಪ್ರೋಟೀನುಗಳ ಪಟ್ಟಿಯನ್ನು ಡೇಟಾಬೇಸಿಗೆ ಬೆರೆಸುವುದು. ಅವುಗಳ ಹೆಸರು ಎಷ್ಟು ಬಂತೋ, ನಿಜದ ಪಟ್ಟಿಯಲ್ಲೂ ಸುಮಾರು ಅಷ್ಟು ಸುಳ್ಳು ಎಂದು ಲೆಕ್ಕ. ಶೇ 1ರ ಮಿತಿ ಇಟ್ಟರೂ 2,000 ಪ್ರೋಟೀನಿನಲ್ಲಿ 20 ಸುಳ್ಳಿರಬಹುದು. ಯಾವ 20? ಅದು ಮಾತ್ರ ಯಾರಿಗೂ ಗೊತ್ತಾಗದು!

ದೊಡ್ಡವರಿಗೂ ಇದು ತಪ್ಪಿದ್ದಲ್ಲ. 2014ರಲ್ಲಿ ಮನುಷ್ಯನ ಪ್ರೋಟಿಯೋಮಿನ, ಅಂದರೆ ದೇಹದ ಪ್ರೋಟೀನುಗಳೆಲ್ಲದರ, ಎರಡು ಕರಡು ನಕ್ಷೆ ಬಂದವು; 17,294 ಜೀನ್‌ಗಳ ಪ್ರೋಟೀನು ಗುರುತಿಸಿದ ಒಂದರಲ್ಲಿ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್‌ನ ಪಾಲು ದೊಡ್ಡದು. ಅದೇ ವರ್ಷ ಬೇರೆಯವರು ಎರಡನ್ನೂ ಜರಡಿ ಹಿಡಿದು, ಮೂಗಿನಲ್ಲಿರಬೇಕಾದ ವಾಸನೆ ಹಿಡಿಯುವ ಪ್ರೋಟೀನುಗಳು ಬೇರೆ ಅಂಗಗಳ ಪಟ್ಟಿಯಲ್ಲಿ ಹೇಗೆ ಬಂದವು ಎಂದು ಕೇಳಿದರು. ನನಗೆ ಇದು ನಾಚಿಕೆಯ ವಿಷಯವಲ್ಲ. ಡೇಟಾ ಎಲ್ಲರಿಗೂ ಸಿಗುವ ಹಾಗೆ ಇಟ್ಟಿದ್ದಕ್ಕೇ ಕೇಳಲು ಬಂತು.

ಮಶೀನಿಲ್ಲದವರ ದಾರಿಯೂ ಅದೇ. ಪ್ರೈಡ್ ಎಂಬ ಭಂಡಾರದಲ್ಲಿ ಲೋಕದ ಲ್ಯಾಬುಗಳ ಕಚ್ಚಾ ಫೈಲುಗಳು ಪುಕ್ಕಟೆ ಇವೆ. ಲಿನಕ್ಸ್, ಆರ್ ಎಂಬ ಲೆಕ್ಕದ ಕಂಪ್ಯೂಟರ್ ಭಾಷೆ ಕಲಿಯಿರಿ. ಅದಕ್ಕಿಂತ ಮೊದಲು ಸ್ಟ್ಯಾಟಿಸ್ಟಿಕ್ಸ್. ಗೇಟ್, ನೆಟ್ ಕೋಚಿಂಗ್ ಬಗ್ಗೆ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ.

ಆಳಂದ ಕಡೆಯ ಹುಡುಗಿಯೊಬ್ಬಳು ಹಾಗೆ ಒಂದು ಫೈಲು ಇಳಿಸಿ, ಹಳೇ ಲ್ಯಾಪ್‌ಟಾಪಿನಲ್ಲಿ ಎರಡು ರಾತ್ರಿ ಓಡಿಸಿ ಪಟ್ಟಿ ತಂದಳು.

"ಕೆರಾಟಿನ್ ನೋಡ್ದೇನವ್ವಾ?" ಎಂದೆ.

"ನೋಡೀನ್ರಿ ಸರ್. ಅವರದೂ ಚರ್ಮ ಉದುರ್ಯಾದ್ರಿ."